ಹೃದಯ ಕಸಿಯ ಸೋಲು-ಗೆಲುವು ತಾಲ್ಲೂಕು ಆಸ್ಪತ್ರೆಯಲ್ಲೇ ಶುರು

ಹೃದಯ ಕಸಿ ಎಂದರೆ ನಮ್ಮ ಟಿ.ವಿ.ಗಳಿಗೆ ನೆನಪಾಗುವುದು ಗ್ರೀನ್ ಕಾರಿಡಾರ್. ಸೈರನ್ ಹಾಕಿಕೊಂಡು ಓಡುವ ಆಂಬುಲೆನ್ಸ್, ದಾರಿ ಬಿಡಿಸುವ ಪೊಲೀಸರು. ಆಂಬುಲೆನ್ಸ್ ಆಸ್ಪತ್ರೆ ಗೇಟು ದಾಟಿದರೆ ಸುದ್ದಿ ಮುಗೀತು. ಆದರೆ ರೋಗಿಯ ನಿಜವಾದ ಪರೀಕ್ಷೆ ಶುರುವಾಗುವುದೇ ಆಮೇಲೆ.

ಕಸಿಯಾದ ಮೊದಲ ದಿನಗಳಲ್ಲಿ ವೈದ್ಯರು ಬಹಳ ಹೆದರುವುದು ಹೊಸ ಹೃದಯದ ಬಲಭಾಗ ಸೋಲುವುದಕ್ಕೆ. ಎಡಭಾಗ ಇಡೀ ದೇಹಕ್ಕೆ ರಕ್ತ ತಳ್ಳುತ್ತದೆ, ಅದರ ಗೋಡೆ ದಪ್ಪ. ಬಲಭಾಗ ಪಕ್ಕದ ಶ್ವಾಸಕೋಶಕ್ಕಷ್ಟೇ ತಳ್ಳಬೇಕು, ಹಾಗಾಗಿ ಅದರ ಗೋಡೆ ತೆಳು. ಎಡಭಾಗ ವರ್ಷಗಟ್ಟಲೆ ಸೋತಿದ್ದರೆ ರಕ್ತ ಹಿಂದಕ್ಕೆ ನಿಂತು, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ, ಕ್ರಮೇಣ ನಾಳಗಳೇ ಗಡುಸಾಗುತ್ತವೆ. ಇದೇ ಪಲ್ಮನರಿ ಹೈಪರ್‌ಟೆನ್ಷನ್. ರೋಗಿಯ ಸ್ವಂತ ಹೃದಯ ಈ ಒತ್ತಡಕ್ಕೆ ನಿಧಾನವಾಗಿ ಒಗ್ಗಿಕೊಂಡಿರುತ್ತದೆ. ದಾನಿಯ ಹೃದಯಕ್ಕೆ ಆ ಅಭ್ಯಾಸವಿಲ್ಲ. ಜೊತೆಗೆ ಅದು ಗಂಟೆಗಟ್ಟಲೆ ಮಂಜುಗಡ್ಡೆಯ ನಡುವೆ ರಕ್ತವಿಲ್ಲದೆ ಬಂದಿರುತ್ತದೆ. 4 ಗಂಟೆ ಮೀರಿದರೆ ಅಪಾಯ ಇನ್ನೂ ಹೆಚ್ಚು.

ಚಿಕಿತ್ಸೆ ಇದೆ. ಉಸಿರಿನ ಮೂಲಕ ನೈಟ್ರಿಕ್ ಆಕ್ಸೈಡ್, ಡ್ರಿಪ್‌ನಲ್ಲಿ ಮಿಲ್ರಿನೋನ್, ನಂತರ ಸಿಲ್ಡೆನಾಫಿಲ್ ಮಾತ್ರೆ. ಇದಕ್ಕೂ ಬಗ್ಗದಿದ್ದರೆ ಎಕ್ಮೋ ಯಂತ್ರ. ಅದಕ್ಕೇ ಕಸಿ ಪಟ್ಟಿಗೆ ಸೇರಿಸುವ ಮೊದಲು ಕ್ಯಾತಿಟರ್ ಹಾಕಿ ಒತ್ತಡ ಅಳೆಯುತ್ತಾರೆ. ಔಷಧ ಕೊಟ್ಟರೂ ಇಳಿಯದಿದ್ದರೆ ಪಟ್ಟಿಯ ಬಾಗಿಲು ಬಹುತೇಕ ಮುಚ್ಚಿದಂತೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರು ಎಡವುವುದು ಇಲ್ಲೇ. ಇದು ಹೊಗೆಸೊಪ್ಪಿನ ಸೀಮೆ. ಮನೆಯಲ್ಲಿ ಸೌದೆ ಒಲೆ, ಹೊಲದಲ್ಲಿ ಬ್ಯಾರನ್ ಒಲೆ. ವರ್ಷಗಳ ಹೊಗೆ ಶ್ವಾಸಕೋಶವನ್ನೇ ಕೆಡಿಸಿ ಒತ್ತಡ ಏರಿಸಬಲ್ಲದು. ಮಕ್ಕಳಾಗಿದ್ದಾಗ ಬಂದ ಗಂಟಲು ನೋವು, ಕೀಲು ಜ್ವರವನ್ನು ಕಡೆಗಣಿಸಿದರೆ ಹೃದಯದ ಕವಾಟ ಕಿರಿದಾಗಿಯೂ ಇದೇ ಆಗುತ್ತದೆ. ನಡೆದರೆ ದಮ್ಮು, ಸಂಜೆಗೆ ಕಾಲು ಊತ. "ವಯಸ್ಸಾಯ್ತು ಬಿಡಿ, ಗ್ಯಾಸ್ಟ್ರಿಕ್ ಇರ್ಬೇಕು" ಅಂತ ದಿನ ದೂಡುತ್ತಾರೆ. ಕೂಲಿ ಬಿಟ್ಟು ಕಾಡಂಚಿನ ಹಾಡಿಯಿಂದ ಮೈಸೂರಿಗೆ ಬರುವುದು ಸುಲಭವೇನಲ್ಲ.

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತವಾದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತದೆ. ಒಳ್ಳೆಯ ಕೆಲಸ. ಆದರೆ ಇಸಿಜಿ ಶ್ವಾಸಕೋಶದ ಒತ್ತಡ ಅಳೆಯುವುದಿಲ್ಲ. ಅದರ ಅಂದಾಜು ಸಿಗುವುದು ಎಕೋದಲ್ಲಿ. ಬಿಪಿಎಲ್ ಕುಟುಂಬದವರ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವಿದೆ. ಪಟ್ಟಿಗೇ ಸೇರಲಾಗದವರಿಗೆ ಆ ನೆರವಿನಿಂದ ಏನು ಪ್ರಯೋಜನ?

ಮೈಸೂರಿನಲ್ಲಿ ಜಯದೇವ ಆಸ್ಪತ್ರೆಯ ಶಾಖೆ ಇದೆ. ವಾರಕ್ಕೊಂದು ದಿನ ಅಲ್ಲಿನ ತಂಡ ಕೈಯಲ್ಲಿ ಹಿಡಿಯುವ ಎಕೋ ಯಂತ್ರದೊಂದಿಗೆ ಈ ನಾಲ್ಕೂ ಕಡೆ ಕೂರಲಿ. ದಮ್ಮು, ಕಾಲು ಊತ ಇರುವವರನ್ನು ಆಶಾ ಕಾರ್ಯಕರ್ತೆಯರು ಕಳಿಸಲಿ. ಕಸಿಯಾದವರ ರಕ್ತದಲ್ಲಿ ಔಷಧದ ಮಟ್ಟ ಅಳೆಯುವ ವ್ಯವಸ್ಥೆ ಮೈಸೂರಿನಲ್ಲೇ ಉಚಿತವಾಗಿ ಸಿಗಲಿ. ಬೇಗ ಗೊತ್ತಾದರೆ ಬಹಳ ಮಂದಿಗೆ ಮಾತ್ರೆ ಅಥವಾ ಕವಾಟದ ಚಿಕಿತ್ಸೆಯೇ ಸಾಕು, ಕಸಿಯೇ ಬೇಡ. ಬೇಕಾದವರಿಗೆ, ಸಿಕ್ಕ ಹೃದಯ ಉಳಿಯುತ್ತದೆ.

ಒಂದು ಮನೆಯವರು ಸಾವಿನ ದುಃಖದಲ್ಲೂ ಕೊಟ್ಟ ಹೃದಯವದು. ಅದನ್ನು ಉಳಿಸುವ ಹೊಣೆ ಆಂಬುಲೆನ್ಸ್ ಚಾಲಕನೊಬ್ಬನದೇ ಅಲ್ಲ.