ಚಂದಾ ಕರೆಂಟು

ಲೆಬನಾನಿನ ಮನೆಗಳಿಗೆ ಕರೆಂಟು ಎರಡು ಕಡೆಯಿಂದ ಬರುತ್ತದೆ. ಒಂದು ಸರ್ಕಾರದ್ದು, 1964ರಲ್ಲಿ ಹುಟ್ಟಿದ ‘ಎಲೆಕ್ಟ್ರಿಸಿಟೆ ದು ಲಿಬಾನ್’ ಸಂಸ್ಥೆಯದು. ಇನ್ನೊಂದು, ಸರ್ಕಾರದ್ದು ಹೋದಾಗ ಬರುವ ಬೀದಿಯ ಡೀಸೆಲ್ ಜನರೇಟರಿನದು. ಇದಕ್ಕೆ ಅಲ್ಲಿನವರು ‘ಇಶ್ತಿರಾಕ್’ ಎನ್ನುತ್ತಾರೆ, ಅಂದರೆ ಚಂದಾ. ವಾರಪತ್ರಿಕೆಗೆ ಕಟ್ಟಿದ ಹಾಗೆ ಕರೆಂಟಿಗೂ ತಿಂಗಳ ಚಂದಾ.

ಬಹುಕಾಲ ಈ ಚಂದಾದ ಅಳತೆ ಯೂನಿಟ್ ಆಗಿರಲಿಲ್ಲ, ಆಂಪಿಯರ್ ಆಗಿತ್ತು; ಮೀಟರ್ ಹಾಕಬೇಕೆಂದು ಸರ್ಕಾರ ಪಟ್ಟು ಹಿಡಿದದ್ದು 2018ರಲ್ಲಿ. ಸಾಧಾರಣ ಮನೆಯದು 5 ಆಂಪಿಯರ್. 220 ವೋಲ್ಟಿಗೆ ಅದು 1,100 ವ್ಯಾಟ್. ದೀಪ, ಟಿವಿ, ಫ್ರಿಜ್ಜಿಗೆ ಸಾಕು. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಹಾಕಿದರೆ ಟ್ರಿಪ್ಪಾಗಿ ಮನೆಯೆಲ್ಲ ಕತ್ತಲೆ. ಹಾಗಾಗಿ ಬಟ್ಟೆ ಒಗೆಯುವುದು, ನೀರು ಕಾಯಿಸುವುದು ಸರ್ಕಾರದ ಕರೆಂಟು ಬಂದಾಗ, ಅದು ನಡುರಾತ್ರಿಯಾದರೂ ಸರಿ.

ಜನರೇಟರುಗಳು ಬೀದಿಗಿಳಿದದ್ದು 1975ರಿಂದ 1990ರವರೆಗಿನ ಅಂತರ್ಯುದ್ಧದಲ್ಲಿ. ಯುದ್ಧ ಮುಗಿದರೂ ಅವು ಹೋಗಲಿಲ್ಲ, ಏಕೆಂದರೆ ಸರ್ಕಾರದ ಕರೆಂಟು ಸಾಲುತ್ತಿರಲಿಲ್ಲ. 1994ರಲ್ಲಿ ನಿಗದಿಯಾದ ಸರ್ಕಾರಿ ದರವನ್ನು 2022ರ ನವೆಂಬರಿನವರೆಗೆ ಯಾರೂ ಮುಟ್ಟಲಿಲ್ಲ. ಎಣ್ಣೆಯ ಬೆಲೆ ಏರಿದಂತೆ ಸಂಸ್ಥೆಗೆ ಮಾರಿದಷ್ಟೂ ನಷ್ಟ. ತುಂಬಿಕೊಡುತ್ತಿದ್ದ ಖಜಾನೆಯೂ ಕೊನೆಗೆ ಬರಿದಾಯಿತು. 2021ರ ಅಕ್ಟೋಬರ್ 9ರಂದು ಜಹರಾನಿ, ದೇರ್ ಅಮ್ಮಾರ್ ಸ್ಥಾವರಗಳೆರಡೂ ಇಂಧನವಿಲ್ಲದೆ ನಿಂತು ರಾಷ್ಟ್ರೀಯ ಜಾಲವೇ ಆರಿತು.

ಕಾನೂನಿನ ಪ್ರಕಾರ ವಿದ್ಯುತ್ ಹಂಚುವ ಹಕ್ಕು ಸರ್ಕಾರಿ ಸಂಸ್ಥೆಯದು. ಆದರೂ ಇಶ್ತಿರಾಕಿನ ದರವನ್ನು ತಿಂಗಳು ತಿಂಗಳು ಪ್ರಕಟಿಸುವುದು ಇಂಧನ ಸಚಿವಾಲಯ. ಅಕ್ರಮ ವ್ಯಾಪಾರಕ್ಕೆ ಸಕ್ರಮ ದರಪಟ್ಟಿ! ಖಾಸಗಿಯಾದರೆ ಪೈಪೋಟಿ ಇರುತ್ತದೆಂಬ ಮಾತೂ ಇಲ್ಲಿ ನಿಲ್ಲದು. ಒಂದು ಬೀದಿ ಸಾಮಾನ್ಯವಾಗಿ ಒಬ್ಬನ ಹಿಡಿತದಲ್ಲಿರುತ್ತದೆ, ಒಲ್ಲೆನೆಂದವರಿಗೆ ಮೋಂಬತ್ತಿಯೇ ಗತಿ. ಚಿಕ್ಕ ಎಂಜಿನ್ನಿನ ಡೀಸೆಲ್ ಕರೆಂಟು ದೊಡ್ಡ ಸ್ಥಾವರದ್ದಕ್ಕಿಂತ ದುಬಾರಿ. ಹೊಗೆ ಪಕ್ಕದ ಮನೆಯ ಕಿಟಕಿಗೆ.

ಬೆಕಾ ಕಣಿವೆಯ ಜಹಲೆ ಪಟ್ಟಣದ್ದು ಬೇರೆ ಕಥೆ. ಸರ್ಕಾರಿ ಸಂಸ್ಥೆ ಹುಟ್ಟುವ ಮೊದಲೇ ಪರವಾನಗಿ ಪಡೆದಿದ್ದ ಖಾಸಗಿ ಕಂಪನಿಯೊಂದು ಅಲ್ಲಿ ಉಳಿದುಕೊಂಡಿತ್ತು. ತಂತಿ, ಕಂಬ, ಬಿಲ್ಲು ಎಲ್ಲ ಒಂದೇ ಕೈಯಲ್ಲಿದ್ದುದರಿಂದ 2015ರ ಹೊತ್ತಿಗೆ ಅದು ದಿನದ 24 ಗಂಟೆಯೂ ಕರೆಂಟು ಕೊಡತೊಡಗಿತು. ಇದನ್ನು ಖಾಸಗಿಯ ಗೆಲುವೆಂದು ಹೊಗಳುವವರು ಒಂದು ಸಂಗತಿ ಮರೆಯುತ್ತಾರೆ: ಸರ್ಕಾರಿ ಜಾಲದಲ್ಲಿ ಅಗ್ಗದ ಕರೆಂಟು ಇದ್ದಷ್ಟು ಹೊತ್ತು ಕಂಪನಿ ಅದನ್ನೇ ಕೊಂಡು ಹಂಚುತ್ತಿತ್ತು, ಇಲ್ಲದಾಗ ಮಾತ್ರ ತನ್ನ ಜನರೇಟರ್ ಓಡಿಸುತ್ತಿತ್ತು. ಜಾಲ ಬತ್ತಿದಾಗ ಅದರ ಲೆಕ್ಕವೂ ಡೀಸೆಲ್ಲಿನ ಬೆಲೆಗೆ ಬಂದು ನಿಂತಿತು.

2021ರ ನಂತರ ಕೈಯಲ್ಲಿ ಕಾಸಿದ್ದವರು ತಾರಸಿಗೆ ಸೌರಫಲಕ ಹಾಕಿಸಿದ್ದಾರೆ. ಹೊತ್ತು ಮುಳುಗಿದ ಮೇಲೆ ಬ್ಯಾಟರಿ. ಬ್ಯಾಟರಿ ಇಳಿದ ಮೇಲೆ ಮತ್ತೆ ಇಶ್ತಿರಾಕ್.