ನವೋದ್ಯಮದಲ್ಲಿ ಜೈನ ಮಹಿಳೆ: ಓದು ಇದೆ, ಬಂಡವಾಳ ಎಲ್ಲಿ?

2011ರ ಜನಗಣತಿಯಂತೆ ಜೈನರ ಸಾಕ್ಷರತೆ ಶೇ. 94ಕ್ಕಿಂತ ಹೆಚ್ಚು. ದೇಶದ ಪ್ರಮುಖ ಧಾರ್ಮಿಕ ಸಮುದಾಯಗಳಲ್ಲೆಲ್ಲ ಇದೇ ಮೊದಲು. ಅದೇ ಜನಗಣತಿಯಲ್ಲಿ ದುಡಿಯುವ ಮಹಿಳೆಯರ ಪ್ರಮಾಣ ದೇಶದಲ್ಲಿ ಶೇ. 25ರಷ್ಟಿದ್ದರೆ, ಜೈನರಲ್ಲಿ ಸುಮಾರು ಶೇ. 12 ಮಾತ್ರ. ಇದು ಅತ್ಯಂತ ಕಡಿಮೆ.

ಈ ಲೆಕ್ಕವನ್ನು ಪೂರ್ತಿ ನಂಬುವಂತೆಯೂ ಇಲ್ಲ. ಅಂಗಡಿಯ ಲೆಕ್ಕಪತ್ರ ನೋಡುವ ಸೊಸೆಯನ್ನು ಮನೆಯವರೇ "ಗೃಹಿಣಿ" ಎಂದು ಬರೆಸುತ್ತಾರೆ. ಬೆಳಗಾವಿ ಕಡೆಯ ದಿಗಂಬರ ರೈತ ಕುಟುಂಬಗಳ ಹೊಲದ ದುಡಿಮೆಯೂ ಹಲವೆಡೆ ಹೀಗೆಯೇ ಮರೆಯಾಗುತ್ತದೆ.

ಈಗ ಸಮಾಜದಲ್ಲಿ ನವೋದ್ಯಮದ ಮಾತು ಜೋರಾಗಿದೆ. ಜಿತೋ ಸಂಸ್ಥೆಗೆ ಹೊಸ ಉದ್ಯಮ ಬೆಳೆಸುವ ಪ್ರತ್ಯೇಕ ಪ್ರತಿಷ್ಠಾನವಿದೆ, ಹೂಡಿಕೆದಾರರ ಜಾಲವಿದೆ, ಮಹಿಳಾ ವಿಭಾಗವೂ ಇದೆ. ಮಹಿಳಾ ವಿಭಾಗಗಳು ಎಷ್ಟೋ ಜನರಿಗೆ ಮೊದಲ ವೇದಿಕೆಯಾಗಿವೆ, ನಿಜ. ಆದರೆ ಯಾವುದೇ ಸಂಘದಲ್ಲಿ ಮಹಿಳೆಯರಿಗೆ ಪ್ರದರ್ಶನ ಮಳಿಗೆ, ಹಣ ಹೂಡುವ ತೀರ್ಮಾನ ಪುರುಷರಿಗೆ ಎಂದಾದರೆ ಅಂತರ ಹಾಗೇ ಉಳಿಯುತ್ತದೆ. ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಒಬ್ಬ ಮಹಿಳಾ ನಿರ್ದೇಶಕಿಯಾದರೂ ಇದ್ದಾರೆ. ಕಾಗದದಲ್ಲಿ ಹೆಸರು, ಚೆಕ್‌ಬುಕ್ ಯಜಮಾನರ ಬಳಿ ಎಂಬ ವ್ಯವಸ್ಥೆ ನಮ್ಮ ವ್ಯಾಪಾರಿ ಮನೆಗಳಿಗೆ ಹೊಸದೇನಲ್ಲ.

ಮೂಲ ಪ್ರಶ್ನೆ ಆಸ್ತಿಯದು. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ತಿದ್ದುಪಡಿಯ ವೇಳೆಗೆ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟ ಹೆಣ್ಣುಮಕ್ಕಳು ಎಷ್ಟೋ. ಮುಂದೆ ಅದೇ ಮಗಳು ಉದ್ಯಮಕ್ಕೆ ದೊಡ್ಡ ಸಾಲ ಕೇಳಿದಾಗ ಬ್ಯಾಂಕಿಗೆ ಅಡಮಾನ ತೋರಿಸಲು ಅವಳ ಹೆಸರಲ್ಲಿ ಏನೂ ಇರುವುದಿಲ್ಲ.

ಸಭೆಗಳಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ತಪ್ಪದೆ ಸ್ಮರಿಸುತ್ತೇವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಲು ಆಕೆಗೆ ಭಕ್ತಿಯೊಂದೇ ಸಾಲದಿತ್ತು. ಸಂಪತ್ತು ಆಕೆಯ ಕೈಯಲ್ಲಿತ್ತು.

ಸಣ್ಣದೆನಿಸುವ ಇನ್ನೊಂದು ವಿಷಯ ಸಮಯದ್ದು. ಉದ್ಯಮಿಗಳ ಭೇಟಿ ಸಾಮಾನ್ಯವಾಗಿ ಸಂಜೆ ನಡೆಯುತ್ತದೆ. ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳಲ್ಲಿ ಹೆಂಗಸರು ಅಡುಗೆಮನೆ ಬಿಟ್ಟು ಬರಲಾಗದ ಹೊತ್ತೂ ಅದೇ. ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಯಾವ ಖರ್ಚೂ ಇಲ್ಲ. ಹೂಡಿಕೆ ಸಮಿತಿಯಲ್ಲಿ ಎಷ್ಟು ಮಹಿಳೆಯರಿದ್ದಾರೆ, ಎಷ್ಟು ಮಹಿಳೆಯರ ಯೋಜನೆಗೆ ಹಣ ಸಿಕ್ಕಿತು ಎಂಬುದನ್ನು ಪ್ರತಿ ಸಂಘವೂ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಲೂ ಅಡ್ಡಿಯಿಲ್ಲ.