ದುಬಾರಿ ಪೆಟ್ರೋಲ್: ವೆಚ್ಚವೇ, ಉಳಿತಾಯವೇ?

ಸರಕು ವಿತರಣೆಗೆ ಪೆಟ್ರೋಲ್ ವ್ಯಾನು, ಸ್ಕೂಟರುಗಳನ್ನು ಇಟ್ಟುಕೊಂಡಿರುವ ಹಲವು ವರ್ತಕರ ವಾಹನ ವೆಚ್ಚದಲ್ಲಿ ಸದ್ದಿಲ್ಲದೆ ಸೇರಿಕೊಂಡಿರುವ ಬಾಬ್ತೊಂದಿದೆ. ಸಾದಾ ಪೆಟ್ರೋಲಿನ ಬದಲು ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್ ತುಂಬಿಸುವುದೇ ಅದು. ಎಂಜಿನ್ನಿಗೆ ಒಳ್ಳೆಯದು, ಮೈಲೇಜು ಹೆಚ್ಚುತ್ತದೆ ಎಂಬುದು ಚಾಲಕರ ಸಮರ್ಥನೆ. ಮಾಲೀಕರು ಬಿಲ್ಲಿಗೆ ಸಹಿ ಹಾಕಿ ಸುಮ್ಮನಾಗುತ್ತಾರೆ.

ವಾಸ್ತವದಲ್ಲಿ ಆಕ್ಟೇನ್ ಎಂಬುದು ಇಂಧನದ ಶಕ್ತಿಯ ಅಳತೆಯೂ ಅಲ್ಲ, ಶುದ್ಧತೆಯ ಅಳತೆಯೂ ಅಲ್ಲ. ಸಿಲಿಂಡರಿನೊಳಗೆ ಗಾಳಿ ಹಾಗೂ ಪೆಟ್ರೋಲಿನ ಮಿಶ್ರಣವು ಒತ್ತಡಕ್ಕೆ ಸಿಲುಕಿದಾಗ, ತಾನಾಗಿಯೇ ಸಿಡಿಯದೆ ಎಷ್ಟರಮಟ್ಟಿಗೆ ತಡೆದುಕೊಳ್ಳಬಲ್ಲದು ಎಂಬುದನ್ನಷ್ಟೇ ಅದು ಸೂಚಿಸುತ್ತದೆ. ಹಾಗೆ ಸಿಡಿದಾಗ ಕೇಳಿಸುವ ಬಡಿತವೇ ಮೆಕ್ಯಾನಿಕ್‌ಗಳು ಹೇಳುವ ನಾಕಿಂಗ್. ಎಥನಾಲಿನ ಆಕ್ಟೇನ್ ಸಂಖ್ಯೆ ಸುಮಾರು 108. ಆದರೆ ಅದರ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ. ಆಕ್ಟೇನ್ ಹೆಚ್ಚಿದಷ್ಟೂ ಮೈಲೇಜು ಹೆಚ್ಚುವುದೆಂಬ ನಂಬಿಕೆ ಇಲ್ಲಿಯೇ ಕುಸಿಯುತ್ತದೆ.

ಸಾದಾ ಪೆಟ್ರೋಲೂ ಹಿಂದಿನದಾಗಿ ಉಳಿದಿಲ್ಲ. ಭಾರತ್ ಸ್ಟೇಜ್ 2ರ ಕಾಲದಲ್ಲಿ 88 ಇದ್ದ ಆಕ್ಟೇನ್ ಮುಂದೆ 91ಕ್ಕೆ ಏರಿತು, ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಅದು 95 ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ವಿವರಿಸಿದೆ. 91 ಸಾಕೆನ್ನುವ ಎಂಜಿನ್ನಿಗೆ ಇದಕ್ಕಿಂತ ಮೇಲಿನದು ಏಕೆ ಬೇಕು? ಎಥನಾಲಿನಿಂದ ಹಳೆಯ ವಾಹನಗಳ ರಬ್ಬರ್ ಭಾಗಗಳಿಗೆ ತೊಂದರೆಯಾಗುವುದೇ ಎಂಬ ಪ್ರಶ್ನೆ ಬೇರೆಯದು. ಅದಕ್ಕೆ ಉತ್ತರ ಆಕ್ಟೇನಿನಲ್ಲಿಲ್ಲ.

ಇನ್ನು ಲೆಕ್ಕದ ಮಾತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ ಪೆಟ್ರೋಲನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ಆದ್ದರಿಂದ ಪೆಟ್ರೋಲಿನ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಶೇ. 29.84ಕ್ಕೆ ಏರಿಸಲಾದ ಮಾರಾಟ ತೆರಿಗೆಯು ಮೌಲ್ಯಾಧಾರಿತ. ದುಬಾರಿ ಪೆಟ್ರೋಲಿನ ಹೆಚ್ಚುವರಿ ಬೆಲೆಯೂ ಅದರಿಂದ ತಪ್ಪಿಸಿಕೊಳ್ಳದು. ತಿಂಗಳಿಗೆ 400 ಲೀಟರ್ ಬಳಸುವ ಸಂಸ್ಥೆಯೊಂದು ಲೀಟರಿಗೆ 8 ರೂಪಾಯಿ ಹೆಚ್ಚು ತೆರುತ್ತದೆಂದು ಭಾವಿಸೋಣ. ವರ್ಷಕ್ಕೆ 38,400 ರೂಪಾಯಿ. ನಿವ್ವಳ ಲಾಭ ಶೇ. 4 ಇರುವ ವ್ಯಾಪಾರದಲ್ಲಿ ಇಷ್ಟನ್ನು ಮರಳಿ ಗಳಿಸಲು 9,60,000 ರೂಪಾಯಿಯ ಹೆಚ್ಚುವರಿ ಮಾರಾಟವಾಗಬೇಕು. ಗಿರಾಕಿಯೊಬ್ಬರು ಕೇಳಿದ ಅರ್ಧ ಶೇಕಡಾ ರಿಯಾಯಿತಿಗೆ ಗಂಟೆಗಟ್ಟಲೆ ಚೌಕಾಸಿ ಮಾಡುವವರು ಈ ಮೊತ್ತವನ್ನು ಗಮನಿಸದಿರುವುದು ಸೋಜಿಗವೇ ಸರಿ.

ಹಾಗೆಂದು ಎಲ್ಲ ವಾಹನಗಳಿಗೂ ಸಾದಾ ಪೆಟ್ರೋಲೇ ಸಾಕೆನ್ನುವಂತಿಲ್ಲ. ಅಧಿಕ ಒತ್ತಡದ ಕೆಲವು ಎಂಜಿನ್ನುಗಳಿಗೂ ಕೆಲವು ಆಮದು ಕಾರುಗಳಿಗೂ ತಯಾರಕರೇ 95 ಅಥವಾ ಹೆಚ್ಚಿನದನ್ನು ವಿಧಿಸಿರುತ್ತಾರೆ. ಅಂಥವಕ್ಕೆ ಕಡಿಮೆಯದನ್ನು ಹಾಕಿದರೆ, ನಾಕಿಂಗ್ ತಡೆಯಲು ಎಂಜಿನ್ನಿನ ಕಂಪ್ಯೂಟರು ಕಿಡಿ ಹೊತ್ತುವ ಸಮಯವನ್ನು ಹಿಂದೂಡುತ್ತದೆ. ಎಳೆತವೂ ಮೈಲೇಜೂ ಕುಗ್ಗುತ್ತವೆ. ಅಲ್ಲಿ ಉಳಿಸಲು ಹೋಗಿ ಕಳೆದುಕೊಂಡಂತೆ. ಘಟ್ಟ ಏರುವಾಗ ಹಳೆಯ ವ್ಯಾನಿನಲ್ಲಿ ಬಡಿತ ಕೇಳಿಸಿದರೆ ಮಾತ್ರ ಮೊದಲು ಇಗ್ನಿಷನ್ ಹೊಂದಾಣಿಕೆ, ಇಂಗಾಲದ ಜಿಡ್ಡು, ಹೊರೆಯ ತೂಕ ಇವುಗಳನ್ನು ಪರಿಶೀಲಿಸುವುದು ಲೇಸು.

ವಾಹನದೊಂದಿಗೆ ಬಂದ ಕೈಪಿಡಿಯ ಇಂಧನದ ಪುಟದಲ್ಲಿ ಬೇಕಾದ ಆಕ್ಟೇನ್ ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನು ಗುರುತಿಸಿ, ಎರಡೂ ಬಗೆಯ ಪೆಟ್ರೋಲನ್ನು ಮೂರು ಮೂರು ಸಲ ಟ್ಯಾಂಕ್ ಭರ್ತಿ ಮಾಡಿಸಿ, ಅದೇ ಮಾರ್ಗ, ಅದೇ ಹೊರೆಯಲ್ಲಿ ಓಡಿದ ಕಿಲೋಮೀಟರುಗಳನ್ನು ಲಾಗ್ ಪುಸ್ತಕದಲ್ಲಿ ಬರೆಸಿದರೆ ಮುಂದಿನ ತಿಂಗಳ ಬಿಲ್ಲಿಗೆ ಸಹಿ ಹಾಕುವ ಮುನ್ನ ಉತ್ತರ ಕೈಯಲ್ಲಿರುತ್ತದೆ.